ಒಂದು ಕಂಪ್ಯೂಟರಿಗೆ ಎರಡು ಕಾವಲು

ನಮ್ಮ ಮನೆಯ ಕಂಪ್ಯೂಟರಿನ ಗುಂಡಿ ಒತ್ತಿ ಸ್ನಾನಕ್ಕೆ ಹೋಗಬಹುದಿತ್ತು. ತಲೆಗೆ ನೀರು ಹಾಕಿಕೊಂಡು, ಎರಡು ಬಟ್ಟೆ ಒಗೆದು ಹರವಿ ಬಂದರೂ ಪರದೆಯ ಮೇಲೆ ಚುಕ್ಕೆಗಳು ದುಂಡಗೆ ತಿರುಗುತ್ತಲೇ ಇರುತ್ತಿದ್ದವು. ಆಮೇಲೆ ಚಿತ್ರ ಬರುತ್ತಿತ್ತು, ಮೌಸ್ ಅಲ್ಲಾಡುತ್ತಿರಲಿಲ್ಲ. ಮೌಸ್ ಅಲ್ಲಾಡಿದರೆ ಫೈಲು ತೆರೆಯುತ್ತಿರಲಿಲ್ಲ. ಎಲ್ಲ ಸರಿಹೋಯಿತು, ಇನ್ನು ಕೆಲಸಕ್ಕೆ ಕೂರೋಣ ಅನ್ನುವಷ್ಟರಲ್ಲಿ ಪರದೆ ನೀಲಿಯಾಗಿ, ಏನೋ ತೊಂದರೆಯಾಗಿದೆ ಎಂದು ಎರಡು ಸಾಲು ಬರೆದು, ತಾನೇ ಆರಿ, ಮತ್ತೆ ಮೊದಲಿಂದ ಶುರುವಾಗುತ್ತಿತ್ತು. ಏನೋ ತೊಂದರೆಯಂತೆ. ನನಗೇನು ಅದು ಕಾಣುತ್ತಿರಲಿಲ್ಲವೇ.

ಅದು ಇದ್ದದ್ದು ನಡುಮನೆಯಲ್ಲಿ, ಕಿಟಕಿ ಪಕ್ಕದ ಮೇಜಿನ ಮೇಲೆ. ಅಪ್ಪ ಇದ್ದಾಗ ಕೊಂಡದ್ದು, ಹಾಗಾಗಿ ಯಾರದೂ ಅಲ್ಲ, ಎಲ್ಲರದೂ ಹೌದು. ಅಣ್ಣನಿಗೆ ಕನ್ನಡಕದ ಅಂಗಡಿ. ಬೇಕಾದ ಗಾಜು, ಫ್ರೇಮುಗಳನ್ನು ಕಂಪ್ಯೂಟರಿನಲ್ಲೇ ತರಿಸುತ್ತಿದ್ದ. ತಮ್ಮ ಡ್ರೈವಿಂಗ್ ಕಲಿಸುವವನು. ಯಾರಿಗೆ ಯಾವ ಹೊತ್ತಿಗೆ ಪಾಠ ಎಂದು ಅದರಲ್ಲಿ ಹಾಕಿಕೊಳ್ಳುತ್ತಿದ್ದ, ಉಳಿದ ಹೊತ್ತು ಕಾರು ಓಡಿಸುವ ಆಟ ಆಡುತ್ತಿದ್ದ. ದಿನವಿಡೀ ಕಾರಿನಲ್ಲಿ ಕೂತು ಬಂದವನಿಗೆ ಮನೆಯಲ್ಲೂ ಕಾರೇ ಬೇಕು. ನಾನು ಗಂಡನ ಮನೆ ಬಿಟ್ಟು ಬಂದವಳು. ನನಗೆ ಸಿಕ್ಕಿದ್ದು ನಡುಮನೆಯ ಹಿಂದಿನ ಕೋಣೆ, ಅದರಲ್ಲಿ ಅರ್ಧಕ್ಕರ್ಧ ಅಣ್ಣನ ಕನ್ನಡಕದ ಖಾಲಿ ಡಬ್ಬಿಗಳು.

ಅಣ್ಣ ತಮ್ಮ ಮಾತು ಬಿಟ್ಟು ವರ್ಷಗಳಾಗಿದ್ದವು. ಅಪ್ಪ ಹೋದ ಮೇಲೆ ಅಂಗಡಿಯ ಬೋರ್ಡಿಗೆ ಹೊಸ ಬಣ್ಣ ಹೊಡೆಸುವಾಗ ಅಣ್ಣ 'ಮತ್ತು ಮಕ್ಕಳು' ಎಂದು ಇದ್ದದ್ದನ್ನು 'ಮತ್ತು ಮಗ' ಎಂದು ಮಾಡಿಸಿದ. ತಮ್ಮ ಅದನ್ನು ಬಸ್ಸಿನಿಂದ ನೋಡಿದ. ಅವತ್ತಿಂದ ಒಂದೇ ಸೂರಿನಡಿ, ಒಂದೇ ಬಚ್ಚಲು, ಒಂದೇ ಕಂಪ್ಯೂಟರು, ಆದರೆ ಮಾತಿಲ್ಲ. ಊಟಕ್ಕೂ ಒಬ್ಬ ಎದ್ದ ಮೇಲೆ ಇನ್ನೊಬ್ಬ. 'ಮಕ್ಕಳು' ಅನ್ನುವುದರಲ್ಲಿ ನಾನೂ ಒಬ್ಬಳಿದ್ದೆ ಎಂಬುದು ಇಬ್ಬರಿಗೂ ಹೊಳೆದಿರಲಿಲ್ಲ, ಬಿಡಿ.

ಮಾತಿಲ್ಲದ ಮನೆಯಲ್ಲಿ ಸಮಾಚಾರ ಹೇಗೆ ಓಡಾಡಬೇಕು. ಅದಕ್ಕೆ ನಾನಿದ್ದೆ. ತಮ್ಮ ಎದುರಿಗೇ ನಿಂತಿದ್ದರೂ ಅಣ್ಣ ನನ್ನ ಕಡೆ ತಿರುಗಿ, "ಅವನಿಗೆ ಹೇಳು, ಗೇಟಿಗೆ ಅಡ್ಡ ಕಾರು ನಿಲ್ಲಿಸ್ಬಾರ್ದು ಅಂತ" ಅನ್ನುತ್ತಿದ್ದ. ತಮ್ಮ ನನಗೇ ಉತ್ತರ ಕೊಡುತ್ತಿದ್ದ: "ಓನರ್‌ಗೆ ಹೇಳು, ಗೇಟು ಅಪ್ಪಂದು ಅಂತ." ಅಣ್ಣನಿಗೆ ಅವನು ಡ್ರೈವರ್, ಅವನಿಗೆ ಅಣ್ಣ ಓನರ್. ನಾನು ಇಬ್ಬರ ಮಾತನ್ನೂ ಒಂದಕ್ಷರ ಕೂಡಿಸದೆ ಕಳೆಯದೆ ದಾಟಿಸುತ್ತಿದ್ದೆ. ಆ ಮನೆಯಲ್ಲಿ ನನ್ನ ಅನ್ನಕ್ಕೆ ನಾನು ಕೊಡುತ್ತಿದ್ದ ಬಾಡಿಗೆ ಅದೇ.

ಅಲ್ಲಿಂದ ಹೊರಡುವುದಕ್ಕೆ ನನಗೊಂದು ದಾರಿ ಸಿಕ್ಕಿತ್ತು. ಯಾವುದೋ ಸಭೆ, ಭಾಷಣ, ವಿಚಾರಣೆಗಳ ಧ್ವನಿ ಕಳಿಸುತ್ತಾರೆ. ಹೆಡ್‌ಫೋನ್ ಹಾಕಿಕೊಂಡು ಕೇಳಿ, ಯಾರು ಏನೆಂದರೋ ಹಾಗೇ ಟೈಪು ಮಾಡಿ ಕಳಿಸಬೇಕು. ಬೇರೆಯವರ ಮಾತನ್ನು ಒಂದಕ್ಷರ ಬಿಡದೆ ದಾಟಿಸುವ ಕೆಲಸವನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಆದರೆ ಟೈಪು ಮಾಡುವುದು ಅವರದೇ ಪ್ರೋಗ್ರಾಮಿನಲ್ಲಿ ಆಗಬೇಕು, ಅದು ಫೋನಿನಲ್ಲಿ ನಡೆಯುವುದಿಲ್ಲ, ಕಂಪ್ಯೂಟರೇ ಬೇಕು. ಮೊದಲು ಪರೀಕ್ಷೆಗೆಂದು ಕೆಲವು ಫೈಲು, ಎಲ್ಲವೂ ಹೊತ್ತಿಗೆ ಸರಿಯಾಗಿ ಹೋದರೆ ಕೆಲಸ ಖಾಯಂ. ಕೆಲಸದ ಪತ್ರ ತಂದು ತೋರಿಸಿದರೆ ಟೈಲರ್ ಅಂಗಡಿಯ ಮೇಲಿನ ಕೋಣೆಯನ್ನು ಕೊಡುತ್ತೇನೆ ಎಂದು ಅದರ ಯಜಮಾನತಿ ಹೇಳಿದ್ದಳು. ಒಂದು ಕಿಟಕಿ, ಒಂದು ನಲ್ಲಿ, ಒಳಗಿನಿಂದ ಹಾಕಿಕೊಳ್ಳುವ ಚಿಲಕ. ನಾನು ಹೋಗಿ ಆ ಚಿಲಕವನ್ನು ಹಾಕಿ ತೆಗೆದು ನೋಡಿ ಬಂದಿದ್ದೆ.

ಎರಡು ಫೈಲು ಆಗಲೇ ತಡವಾಗಿದ್ದವು. ಕೆಲಸ ಕೊಡುವ ಮೇಡಂ ಫೋನು ಮಾಡಿದಳು.

"ಕಂಪ್ಯೂಟರ್ ನಿಂತುಹೋಯ್ತು ಅಂತ ಎರಡು ಸಲ ಹೇಳಿದೀರ."

"ನಿಜವಾಗ್ಲೂ ನಿಂತುಹೋಗತ್ತೆ ಮೇಡಂ."

"ಇರ್ಬೋದು. ನಿಮ್ಮ ಕಂಪ್ಯೂಟರ್ ಕಷ್ಟ ನನಗೆ ಬೇಡ. ಈ ವಾರ ಕೊನೇ ಫೈಲು ಕಳಿಸ್ತೀನಿ, ದೊಡ್ಡದು. ಸಂಜೆ ಆರಕ್ಕೆ ಅಂದ್ರೆ ಆರಕ್ಕೆ ಬರ್ಬೇಕು. ಬರ್ಲಿಲ್ಲ ಅಂದ್ರೆ ಬೇರೆಯವರಿಗೆ ಕೊಡ್ತೀನಿ."

ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ನನ್ನ ಸಿಟ್ಟೆಲ್ಲ ಮನೆಯವರ ಮೇಲೆ.

ಯಾಕೆಂದರೆ ಇಬ್ಬರೂ ಅದನ್ನು ರಿಪೇರಿ ಮಾಡುತ್ತಿದ್ದರು. ಅಣ್ಣ ಬೆಳಿಗ್ಗೆ ಕೂತು ಮೌಸಿನ ಬಲಗಡೆ ಒತ್ತಿ ರಿಫ್ರೆಶ್ ಮಾಡುತ್ತಿದ್ದ. ಒಂದು ಸಲವಲ್ಲ, ಮಂತ್ರ ಜಪಿಸಿದ ಹಾಗೆ ಮಾಡುತ್ತಲೇ ಇರುತ್ತಿದ್ದ. ಅದರಿಂದ ಪರದೆ ಮಿನುಗುವುದು ಬಿಟ್ಟರೆ ಬೇರೇನೂ ಆಗುವುದಿಲ್ಲ ಎಂದರೆ, "ನಿನಗೇನು ಗೊತ್ತು" ಅನ್ನುತ್ತಿದ್ದ. ಆಮೇಲೆ ಕಂಪ್ಯೂಟರ್ ಡಬ್ಬಿಯ ಪಕ್ಕದ ತಗಡು ಬಿಚ್ಚಿ, ಕನ್ನಡಕದ ಗಾಜಿನ ಧೂಳು ಹಾರಿಸುವ ರಬ್ಬರಿನ ಬುರುಡೆಯಿಂದ ಒಳಗೆಲ್ಲ ಫುಸ್ ಫುಸ್ ಎಂದು ಊದಿ, ಮೆತ್ತನೆ ಬಟ್ಟೆಯಲ್ಲಿ ಪರದೆ ಒರೆಸಿ, ಗಿರಾಕಿಗೆ ಕೊಡುವವನಂತೆ ಎರಡೂ ಕೈ ಹಿಂದಕ್ಕೆ ತೆಗೆಯುತ್ತಿದ್ದ. ತಮ್ಮನಿಗೆ ಅದು ಕಾರು. "ಇಂಜಿನ್ ಹೀಟ್ ಆಗ್ತಿದೆ" ಎಂದು ಬಿಚ್ಚಿದ ತಗಡನ್ನು ಹಾಗೇ ಬಿಟ್ಟು, ನನ್ನ ಕೋಣೆಯ ಟೇಬಲ್ ಫ್ಯಾನನ್ನು ತಂದು ಅದರ ಹೊಟ್ಟೆಗೆ ಹಿಡಿಯುತ್ತಿದ್ದ. ಆಮೇಲೆ ವೇಗ ಹೆಚ್ಚಿಸುವ ಪ್ರೋಗ್ರಾಮೊಂದನ್ನು ಹಾಕುತ್ತಿದ್ದ. ಅದು ಹಾಕಿದ ಮೇಲೆ ವೇಗ ಇನ್ನಷ್ಟು ಇಳಿದರೆ ಇನ್ನೊಂದನ್ನು ಹಾಕುತ್ತಿದ್ದ. ನಾನು ಬೆವರುತ್ತಾ ಟೈಪು ಮಾಡುತ್ತಿದ್ದೆ, ಕಂಪ್ಯೂಟರ್ ತಣ್ಣಗೆ ಕೂತು ನೀಲಿಯಾಗುತ್ತಿತ್ತು.

"ಡ್ರೈವರ್ ಏನೇನೋ ಹಾಕಿ ಹಾಳು ಮಾಡಿದಾನೆ ಅಂತ ಹೇಳು."

"ಓನರ್ ಊದಿ ಊದಿ ಒಳಗೆಲ್ಲ ಎಂಜಲು ಮಾಡಿದಾನೆ ಅಂತ ಹೇಳು."

ಹೇಳಿದೆ, ಹೇಳಿದೆ. ಮೇಡಂ ಫೋನು ಮಾಡಿದ ದಿನ ಮಾತ್ರ ಇಬ್ಬರೂ ಹೊರಗೆ ಹೋಗುವುದನ್ನೇ ಕಾದು ನಾನೇ ಕೂತೆ. ಇವರನ್ನು ನಂಬಿದರೆ ಆ ಚಿಲಕ ನನಗೆ ದಕ್ಕುವುದಿಲ್ಲ.

ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದರು. "ನಿಂಗ್ಯಾಕೆ ಇಲ್ಲದ ಉಸಾಬರಿ. ಅವರಿಗೇ ಗೊತ್ತಾಗ್ಲಿಲ್ವಂತೆ" ಅಂದರು.

"ಅವರಿಗೆ ಗೊತ್ತಾಗ್ಲಿಲ್ಲ ಅಂತ್ಲೇ ಅತ್ತಿಗೆ."

"ಹಾಳಾದ್ರೆ ನಿನ್ನ ತಲೆಗೇ ಬರತ್ತೆ ನೋಡು" ಎಂದು ಒಳಗೆ ಹೋದರು. ಅವರಿಗೆ ನಾನು ಬಂದ ದಿನದಿಂದಲೂ ಹೀಗೇ, ಬೈಗುಳವನ್ನೂ ಬುದ್ಧಿವಾದದ ಹಾಗೆ ಹೇಳುವ ಅಭ್ಯಾಸ.

ಮೊದಲು ತಗಡು ಮುಚ್ಚಿ, ಫ್ಯಾನನ್ನು ನನ್ನ ಕೋಣೆಗೆ ವಾಪಸು ಒಯ್ದೆ. ಬಿಸಿ ಎಷ್ಟಿದೆ ಎಂದು ನೋಡಿದರೆ ಬಿಸಿಯೇ ಇಲ್ಲ. ಆಮೇಲೆ ಮೆಮೊರಿ ಕೆಟ್ಟಿದೆಯೇ ಎಂದು ಅದರಲ್ಲೇ ಇರುವ ಪರೀಕ್ಷೆ ಹಚ್ಚಿ ಕೂತೆ. ಬಹಳ ಹೊತ್ತು ತಿಂದು, ದೋಷವೇನೂ ಇಲ್ಲ ಎಂದಿತು. ಆಮೇಲೆ ಸೇಫ್ ಮೋಡಿನಲ್ಲಿ ಎಬ್ಬಿಸಿದೆ. ಸೇಫ್ ಮೋಡ್ ಅಂದರೆ ಹೊರಗಿನಿಂದ ತಂದು ಹಾಕಿದ ಯಾವ ನೆಂಟರನ್ನೂ ಒಳಗೆ ಬಿಡದೆ ಕಂಪ್ಯೂಟರ್ ತನ್ನ ಪಾಡಿಗೆ ತಾನು ಏಳುವುದು. ಗುಂಡಿ ಒತ್ತಿ ಕುರ್ಚಿ ಎಳೆದುಕೊಳ್ಳುವುದರೊಳಗೆ ಎದ್ದು ಕೂತಿತ್ತು. ಬಹಳ ಹೊತ್ತು ಹಾಗೇ ಬಿಟ್ಟು ನೋಡಿದೆ, ಒಂದು ಸಲವೂ ಬೀಳಲಿಲ್ಲ. ಕಂಪ್ಯೂಟರಿಗೆ ಯಾವ ರೋಗವೂ ಇರಲಿಲ್ಲ. ಕಾಟವೆಲ್ಲ ನೆಂಟರದು.

ಏಳುವಾಗ ಜೊತೆಗೆ ಏಳುವ ಪ್ರೋಗ್ರಾಮುಗಳು ಯಾವುವು ಎಂದು ತೆಗೆದು ನೋಡಿದರೆ ಸಂತೆ. ಯಾವತ್ತೋ ಗುಜರಿಗೆ ಹೋದ ಪ್ರಿಂಟರಿನದೊಂದು, ಹಾಡಿನದೊಂದು, ಆಟದ್ದೊಂದು, ಅಣ್ಣನ ಗಾಜಿನ ಕಂಪನಿಯದೊಂದು, ತಮ್ಮನ ವೇಗ ಹೆಚ್ಚಿಸುವವು ಒಂದರ ಮೇಲೊಂದು. ಒಂದೊಂದಾಗಿ ನಿಲ್ಲಿಸಿ, ಪ್ರತಿ ಸಲ ಆರಿಸಿ ಹೊತ್ತಿಸಿ ನೋಡುತ್ತಾ ಹೋದೆ. ಏಳುವುದು ಸ್ವಲ್ಪ ಬೇಗವಾಯಿತು, ಬೀಳುವುದು ನಿಲ್ಲಲಿಲ್ಲ. ಆಗ ನೀಲಿ ಪರದೆಯ ಫೋಟೋ ಹಿಡಿಯಲು ಶುರುಮಾಡಿದೆ. ಪ್ರತಿ ಸಲ ಬೀಳುವಾಗ ಅದು ಕೊನೆಯ ಸಾಲಿನಲ್ಲಿ ಯಾರ ಕಾಲು ತಾಗಿ ಬಿದ್ದೆ ಎಂದು ಒಂದು ಹೆಸರು ಬರೆಯುತ್ತಿತ್ತು. ಒಂದು ಸಲ ಒಂದು ಹೆಸರು, ಮತ್ತೊಂದು ಸಲ ಇನ್ನೊಂದು. ಬೇರೆ ಹೆಸರೇ ಇಲ್ಲ, ಅವೇ ಎರಡು. ಹುಡುಕಿ ನೋಡಿದರೆ ಎರಡೂ ಆಂಟಿವೈರಸ್.

ಒಂದನ್ನು ಅಣ್ಣ ಅಂಗಡಿಯಿಂದ ಡಬ್ಬಿಯಲ್ಲಿ ಕೊಂಡು ತಂದಿದ್ದ, ತಮ್ಮ ತರುವ ಕಸದಿಂದ ಕಾಪಾಡಲು. ಇನ್ನೊಂದನ್ನು ತಮ್ಮ ಪುಕ್ಕಟೆ ಇಳಿಸಿಕೊಂಡಿದ್ದ, ಅಣ್ಣನ ಆಂಟಿವೈರಸಿನಿಂದ ಕಾಪಾಡಲು. ಒಂದು ಕಂಪ್ಯೂಟರಿಗೆ ಒಂದೇ ಕಾವಲು ಇರಬೇಕು ಎಂಬುದು ಯಾವ ಮನೆಯಲ್ಲೂ ಹೇಳಿಕೊಡಬೇಕಾದ ಮಾತಲ್ಲ. ಎರಡಾದರೆ ಯಾವ ಫೈಲು ತೆರೆದರೂ ಇವನೂ ಹಿಡಿಯುತ್ತಾನೆ, ಅವನೂ ಹಿಡಿಯುತ್ತಾನೆ. ಇವನ ಕೈ ಕಂಡು ಅವನು ಕಳ್ಳ ಅನ್ನುತ್ತಾನೆ, ಅವನ ಕೈ ಕಂಡು ಇವನು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ನಡುವೆ ಸಿಕ್ಕಿಕೊಂಡ ಗಾಡಿ ಮುರಿಯದೆ ಇನ್ನೇನಾಗಬೇಕು.

ಎರಡನ್ನೂ ತೆಗೆದುಹಾಕೋಣ ಎಂದರೆ ಎರಡೂ ಪಾಸ್‌ವರ್ಡ್ ಕೇಳಿದವು. ಅಣ್ಣನದಕ್ಕೆ ಅಣ್ಣನದು, ತಮ್ಮನದಕ್ಕೆ ತಮ್ಮನದು. ಕಳ್ಳ ಮನೆಯೊಳಗೇ ಇದ್ದಾನೆ ಎಂದು ಇಬ್ಬರೂ ಮೊದಲೇ ಲೆಕ್ಕ ಹಾಕಿ ಬೀಗ ಹಾಕಿದ್ದರು.

ಸಂಜೆ ಅಣ್ಣ ಬಂದ ಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನು ಕೋಟು ತೆಗೆಯುತ್ತಾ ಕೇಳಿದ.

"ಅಂದ್ರೆ ಅವನದು ತೆಗೀಬೇಕು ಅಂತಾಯ್ತು."

"ಯಾವುದಾದ್ರೂ ಒಂದು ತೆಗೆದ್ರೂ ಆಗತ್ತೆ. ಎರಡೂ ತೆಗೆದ್ರೂ ಆಗತ್ತೆ. ಕಂಪ್ಯೂಟರಿಗೆ ತನ್ನದೇ ಒಂದು ಕಾವಲು ಇದೆ, ಅದು ಸಾಕು."

"ಅವನದು ತೆಗೀಲಿ ಮೊದ್ಲು. ನನ್ನ ಕಾವಲು ಸರಿಯಾಗೇ ಕೆಲಸ ಮಾಡ್ತಿದೆ. ಅವನು ಹಾಕಿದ್ದನ್ನೆಲ್ಲ ತಡೆ ಹಿಡಿದಿದೀನಿ. ಆ ಹೆಡ್‌ಫೋನ್ ಚಿತ್ರದ್ದು ಒಂದಿದೆಯಲ್ಲ, ಅದನ್ನೂ."

"ಅದು ನಂದು ಅಣ್ಣ. ನನ್ನ ಕೆಲಸದ್ದು."

"ಹೌದಾ. ಅವನದು ಅನ್ಕೊಂಡಿದ್ದೆ."

"ಈಗ ಗೊತ್ತಾಯ್ತಲ್ಲ, ಬಿಟ್ಟುಬಿಡು."

"ಅವನದು ತೆಗೀಲಿ, ಆಮೇಲೆ ನೋಡೋಣ. ಹೇಳು ಅವನಿಗೆ."

ತಮ್ಮನಿಗೆ ಹೇಳಿದರೆ ಅವನು ಇದನ್ನೇ ತಿರುಗಿಸಿ ಹೇಳಿದ. ಅವನೂ ಹೆಡ್‌ಫೋನ್ ಚಿತ್ರದ್ದನ್ನು ತಡೆ ಹಿಡಿದಿದ್ದ. ಓನರ್‌ದು ಅಂದುಕೊಂಡಿದ್ದನಂತೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಇಲ್ಲಿ ಗಂಡನೂ ಇಲ್ಲ, ಹೆಂಡತಿಯೂ ಇಲ್ಲ, ಬಡವಾಗಿದ್ದು ಮಾತ್ರ ನಾನು. ನಾನು ಕೆಲಸಕ್ಕೆ ಕೂತಾಗಲೇ ಯಾಕೆ ಬೀಳುತ್ತದೆ ಎಂಬುದು ಈಗ ತಿಳಿಯಿತು. ಕೋಣೆಗೆ ಹೋಗಿ ಕನ್ನಡಕದ ಡಬ್ಬಿಗಳ ಸಾಲಿಗೆ ಒಂದು ಒದ್ದೆ. ಅವು ಉದುರಿ ಬಿದ್ದವು, ಆಮೇಲೆ ನಾನೇ ಕೂತು ಜೋಡಿಸಿದೆ.

ಜೋಡಿಸುತ್ತಾ ಕೂತಾಗಲೇ ಯೋಚನೆ ಬಂತು. ಇಷ್ಟು ವರ್ಷ ಇವರ ಮಾತನ್ನು ಇದ್ದ ಹಾಗೇ ದಾಟಿಸಿ ಯಾರಿಗೆ ಏನು ಒಳ್ಳೆಯದಾಯಿತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡಬಹುದಾದರೆ, ಎರಡು ಸುಳ್ಳು ಹೇಳಿ ಒಂದು ಕಂಪ್ಯೂಟರ್ ಸರಿಮಾಡಬಾರದೇ.

ಮಾರನೆಯ ಬೆಳಿಗ್ಗೆ ಅಣ್ಣ ಅಂಗಡಿಗೆ ಹೊರಟಿದ್ದ. "ಅವನು ಒಪ್ಕೊಂಡ" ಅಂದೆ. "ತನ್ನದು ತೆಗೀತಾನಂತೆ. ಎಲ್ಲ ತನ್ನಿಂದ್ಲೇ ಆಗಿದ್ದು, ತಪ್ಪಾಯ್ತು ಅಂದ. ಮೊದ್ಲು ನಿಂದು ತೆಗೆದ್ರೆ ಅವನದು ತೆಗೆಯೋಕೆ ಬರತ್ತೆ, ಇಲ್ಲಾಂದ್ರೆ ಬಿಡಲ್ಲ."

ಅಣ್ಣನ ಮುಖ ಅಷ್ಟು ಅರಳಿದ್ದನ್ನು ನಾನು ಅವನ ಮದುವೆಯಲ್ಲೂ ನೋಡಿರಲಿಲ್ಲ. "ತಪ್ಪಾಯ್ತು ಅಂದ್ನಾ? ಅವನ ಬಾಯಲ್ಲಿ ಬಂತಾ?" ಎಂದು ಎರಡು ಸಲ ಕೇಳಿದ. ಆಮೇಲೆ ನನ್ನನ್ನು ಗೋಡೆ ಕಡೆ ತಿರುಗಿ ನಿಲ್ಲಲು ಹೇಳಿ ಪಾಸ್‌ವರ್ಡ್ ಒತ್ತಿದ. ಕಾವಲು ಹೋಯಿತು. ಶಿಳ್ಳೆ ಹಾಕುತ್ತಾ ಮೆಟ್ಟಿಲಿಳಿದ.

ಮಧ್ಯಾಹ್ನ ತಮ್ಮ ಬಂದ. ಅವನಿಗೂ ಅದೇ. "ಓನರ್ ತನ್ನದು ತೆಗೆದ, ಬೇಕಾದ್ರೆ ನೋಡು. ನೀನು ಹೇಳಿದ್ದೇ ಸರಿ ಅಂದ. ಬೋರ್ಡಿನ ವಿಷಯಕ್ಕೂ ಬೇಜಾರು ಮಾಡ್ಕೊಂಡ" ಅಂದೆ. ಆ ಬೋರ್ಡಿನ ಮಾತು ಬೇಕಿರಲಿಲ್ಲ, ಸುಳ್ಳು ಹೇಳುವ ರುಚಿ ಹತ್ತಿತ್ತು. ತಮ್ಮ ಪರದೆಯಲ್ಲಿ ಹುಡುಕಿ ನೋಡಿ, ಕೈ ಅಡ್ಡ ಹಿಡಿದು ಪಾಸ್‌ವರ್ಡ್ ಒತ್ತಿದ.

ಆರಿಸಿ ಹೊತ್ತಿಸಿದೆ. ಲೋಟದ ಚಹಾ ಬಾಯಿಗೆ ತರುವಷ್ಟರಲ್ಲಿ ಕಂಪ್ಯೂಟರ್ ತಯಾರಾಗಿ ಕೂತಿತ್ತು. ನನ್ನ ಪ್ರೋಗ್ರಾಂ ಒತ್ತಿದರೆ ತೆರೆಯಿತು. ಮುಚ್ಚಿದೆ, ಮತ್ತೆ ತೆರೆದೆ. ಸಂಜೆವರೆಗೂ ಬೀಳಲಿಲ್ಲ. ನನಗಾದ ಸಂತೋಷವನ್ನು ಯಾರಿಗೂ ಹೇಳುವ ಹಾಗಿರಲಿಲ್ಲ, ಹಾಗಾಗಿ ಹೋಗಿ ಟೈಲರ್ ಅಂಗಡಿಯ ಮೇಲಿನ ಕೋಣೆಯ ಯಜಮಾನತಿಗೆ, ಇನ್ನೆರಡು ದಿನ ಬೇರೆ ಯಾರಿಗೂ ಕೊಡಬೇಡಿ ಎಂದು ಹೇಳಿ ಬಂದೆ.

ಕೊನೆಯ ಫೈಲು ಮಾರನೆಯ ಬೆಳಿಗ್ಗೆ ಬಂತು. ಯಾವುದೋ ಕಾರ್ಖಾನೆಯ ಸಭೆ. ಯಂತ್ರಕ್ಕೆ ಕೈ ಸಿಕ್ಕಿಸಿಕೊಂಡ ಕೆಲಸಗಾರನ ವಿಚಾರಣೆ. ತಪ್ಪು ಯಾರದು ಎಂದು ಎಲ್ಲರೂ ಒಟ್ಟಿಗೆ ಕೂಗುತ್ತಾರೆ, ಕೈ ಕಳೆದುಕೊಂಡವನು ಮಾತ್ರ ಮಾತಾಡುವುದಿಲ್ಲ. ಯಾರ ದನಿ ಯಾರದು ಎಂದು ಗುರುತು ಹಿಡಿಯಲು ಒಂದೊಂದು ಸಾಲನ್ನೂ ಮತ್ತೆ ಮತ್ತೆ ಕೇಳಬೇಕು. ಬೆಳಿಗ್ಗೆ ಕೂತವಳು ಏಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಹುಪಾಲು ಮುಗಿದು, ಕೊನೆಯ ಸ್ವಲ್ಪ ಉಳಿದಿತ್ತು. ಎಲ್ಲ ಮುಗಿದ ಮೇಲೆ ಒಂದೇ ಸಲಕ್ಕೆ ಕಳಿಸುವುದು ಅವರ ಪದ್ಧತಿ. ಅಲ್ಲಿಯವರೆಗೆ ಅದು ನಮ್ಮ ಕಂಪ್ಯೂಟರಿನ ಹೊಟ್ಟೆಯಲ್ಲೇ ಇರುತ್ತದೆ.

ಅಣ್ಣ ಊಟಕ್ಕೆ ಬಂದು ಕೂತಿದ್ದ. ತಮ್ಮ ಬೇಗ ಬಂದುಬಿಟ್ಟಿದ್ದ, ಯಾರದೋ ಪಾಠ ತಪ್ಪಿತ್ತಂತೆ. ಅಣ್ಣ ಏಳಲಿ ಎಂದು ಬಾಗಿಲ ಹತ್ತಿರ ನಿಂತು ಬೀಗದ ಕೈ ತಿರುಗಿಸುತ್ತಿದ್ದ. ಅಣ್ಣ ತಟ್ಟೆಯಿಂದ ಮುಖ ಎತ್ತದೆ, ನನ್ನ ಕಡೆ ತಿರುಗದೆ, ನೇರವಾಗಿ ಅಂದ:

"ತಪ್ಪು ಒಪ್ಕೊಳ್ಳೋಕೆ ಇಷ್ಟು ವರ್ಷ ಬೇಕಾಯ್ತು ನೋಡು."

ಹೆಡ್‌ಫೋನಿನೊಳಗಿಂದಲೂ ಅದು ನನಗೆ ಕೇಳಿಸಿತು. ನನ್ನ ಬೆರಳು ನಿಂತವು.

ತಮ್ಮ ಬೀಗದ ಕೈ ತಿರುಗಿಸುವುದನ್ನು ನಿಲ್ಲಿಸಿದ. "ಯಾರು ಒಪ್ಕೊಂಡಿದ್ದು?"

"ನೀನೇ. ನಂದು ತಪ್ಪಾಯ್ತು ಅಂದ್ಯಂತಲ್ಲ."

"ನಾನಂದ್ನಾ? ನೀನು ತಾನೇ ಬೋರ್ಡಿನ ವಿಷಯಕ್ಕೆ ಬೇಜಾರು ಮಾಡ್ಕೊಂಡಿದ್ದು."

"ಬೋರ್ಡಿನ ವಿಷಯಕ್ಕೆ ನಾನ್ಯಾಕೆ ಬೇಜಾರು ಮಾಡ್ಕೊಳ್ಲಿ?"

ಆಮೇಲೆ ಇಬ್ಬರೂ ಒಟ್ಟಿಗೇ ನನ್ನ ಕಡೆ ತಿರುಗಿದರು. ಚಿಕ್ಕಂದಿನಲ್ಲಿ ಏನಾದರೂ ಒಡೆದಾಗ ಇಬ್ಬರೂ ಹೀಗೇ ತಿರುಗುತ್ತಿದ್ದರು.

"ಹೌದು, ಸುಳ್ಳು ಹೇಳಿದೆ" ಅಂದೆ. "ಕಂಪ್ಯೂಟರ್ ಸರಿಹೋಯ್ತಾ ಇಲ್ವಾ? ನಿನ್ನೆಯಿಂದ ಒಂದ್ಸಲವಾದ್ರೂ ಬಿತ್ತಾ?"

"ಅದಲ್ಲ ಪ್ರಶ್ನೆ" ಅಂದ ಅಣ್ಣ.

"ಅದೇ ಪ್ರಶ್ನೆ. ನಿಮಗೆ ಕೂತು ಹೇಳಿದ್ರೆ ಕೇಳಿದ್ರಾ? ನನ್ನ ಕೆಲಸ ಹೋಗೋದ್ರಲ್ಲಿತ್ತು."

ಅತ್ತಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. ಅವರಿಗೆ ಒಂದೇ ಮಾತು ಸಾಕಾಯಿತು. "ಇದೊಂದೇ ಸುಳ್ಳು ಅಂತ ಏನು ನಂಬಿಕೆ. ಇಷ್ಟು ವರ್ಷ ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಹೇಳ್ತಿದ್ದೋಳು ಇವಳೇ ಅಲ್ವಾ. ಏನೇನು ತಿರುಚಿದ್ಲೋ."

ಅಣ್ಣನ ಮುಖದಲ್ಲಿ ಏನೋ ಸಡಿಲವಾಗುವುದು ನನಗೆ ಕಂಡಿತು. ಹೊತ್ತಿದ್ದ ಮೂಟೆ ಇಳಿಸಲು ಒಂದು ಕಟ್ಟೆ ಸಿಕ್ಕಿದವನ ಮುಖ. ಅವನು ತಮ್ಮನನ್ನು ಕೇಳಿದ, "ಗೇಟು ಅಪ್ಪಂದು ಅಂತ ನೀನೇ ಅಂದಿದ್ದಾ?"

ತಮ್ಮನೇ ಅಂದಿದ್ದ. ನಾನು ಪಕ್ಕದಲ್ಲೇ ಇದ್ದೆ, ಅಣ್ಣನೂ ಎದುರಿಗೇ ಇದ್ದ. "ನನಗೆ ನೆನಪಿಲ್ಲ" ಅಂದ ತಮ್ಮ.

"ನಾನೂ ಎಷ್ಟೋ ಮಾತು ಹಾಗೆ ಅಂದಿರ್ಲಿಲ್ಲ" ಅಂದ ಅಣ್ಣ.

"ಒಬ್ಬರ ಎದುರಿಗೊಬ್ಬರು ಅಂದಿದ್ದು ಅದೆಲ್ಲ. ನಿಮಗೆ ಕಿವಿ ಇರ್ಲಿಲ್ವಾ?" ಎಂದು ನಾನು ಕೂಗಿದೆ. ಯಾರೂ ನನ್ನ ಕಡೆ ನೋಡಲಿಲ್ಲ. ಒಬ್ಬರಿಗೊಬ್ಬರು ಮಾತಾಡುವುದರಲ್ಲಿ ಮುಳುಗಿಹೋಗಿದ್ದರು. ಇಷ್ಟು ವರ್ಷದ ಜಗಳಕ್ಕೆ ಇಬ್ಬರೂ ಸೇರಿ ಒಬ್ಬ ವಾರಸುದಾರಳನ್ನು ಹುಡುಕಿಬಿಟ್ಟಿದ್ದರು. ಅತ್ತಿಗೆ ತಮ್ಮನಿಗೂ ತಟ್ಟೆ ಹಾಕಿದರು. ಅವನು ಅಣ್ಣನ ಎದುರು ಕೂತ. ನಾನು ಹೆಡ್‌ಫೋನ್ ಏರಿಸಿಕೊಂಡು ಟೈಪು ಮಾಡತೊಡಗಿದೆ, ಇವರ ಮಾತು ಮುಗಿಯುವಷ್ಟರಲ್ಲಿ ನನ್ನದು ಮುಗಿಸಿಬಿಡೋಣ ಎಂದು. ತಪ್ಪು ಬೀಳುತ್ತಿತ್ತು, ಅಳಿಸಿ ಬರೆಯುತ್ತಿದ್ದೆ.

ಊಟ ಮುಗಿಸಿ ಇಬ್ಬರೂ ಬಂದು ನನ್ನ ಕುರ್ಚಿಯ ಹಿಂದೆ ನಿಂತರು.

"ಏಳು ಸ್ವಲ್ಪ" ಅಂದ ಅಣ್ಣ.

"ಇನ್ನೊಂದು ಗಂಟೆ ಕೊಡು ಅಣ್ಣ. ಮುಗೀತು, ಕೊನೇದು ಸ್ವಲ್ಪ ಇದೆ. ಆರು ಗಂಟೆಗೆ ಕಳಿಸ್ಬೇಕು."

"ಏಳು ಅಂದೆ."

ಅವನು ನನ್ನ ತೋಳು ಹಿಡಿದು ಎಬ್ಬಿಸಲಿಲ್ಲ. ಕುರ್ಚಿಯನ್ನು ನನ್ನ ಸಮೇತ ಹಿಂದಕ್ಕೆ ಎಳೆದ. ತಮ್ಮ ಬಗ್ಗಿ ಎಲ್ಲ ಮುಚ್ಚಿದ. ನನ್ನ ಫೈಲನ್ನು ಉಳಿಸಿದ್ದೆ, ಅದು ಒಳಗೇ ಇತ್ತು, ಕಳೆದುಹೋಗಿರಲಿಲ್ಲ. ಆಮೇಲೆ ಕಂಪ್ಯೂಟರಿಗೇ ಒಂದು ಹೊಸ ಪಾಸ್‌ವರ್ಡ್ ಹಾಕಲು ಕೂತರು. ನೀನು ಹಾಕು, ಬೇಡ ನೀನೇ ಹಾಕು ಎಂದು ಸ್ವಲ್ಪ ಹೊತ್ತು ಮರ್ಯಾದೆ ನಡೆಯಿತು. ಪೂರ್ತಿ ನನಗೊಬ್ಬನಿಗೇ ಗೊತ್ತಿದ್ದರೆ ನಿನಗೆ ಅನುಮಾನ ಬರುತ್ತದೆ, ಪೂರ್ತಿ ನಿನಗೊಬ್ಬನಿಗೇ ಗೊತ್ತಿದ್ದರೆ ಇವಳು ಹೇಗಾದರೂ ಬಾಯಿ ಬಿಡಿಸುತ್ತಾಳೆ ಎಂದು ಕೊನೆಗೆ ತೀರ್ಮಾನ ಮಾಡಿದರು: ಮೊದಲರ್ಧ ಅಣ್ಣ ಒತ್ತುವುದು, ಉಳಿದರ್ಧ ತಮ್ಮ ಒತ್ತುವುದು. ಅಣ್ಣ ಒತ್ತುವಾಗ ತಮ್ಮ ಕಿಟಕಿ ಕಡೆ ನೋಡಿದ. ತಮ್ಮ ಒತ್ತುವಾಗ ಅಣ್ಣ ಸೂರು ನೋಡಿದ. ಇಂಥ ಬುದ್ಧಿ ಈ ಇಬ್ಬರನ್ನು ಬಿಟ್ಟು ಲೋಕದಲ್ಲಿ ಇನ್ಯಾರಿಗೂ ಬರುವುದಿಲ್ಲ.

"ಸಂಜೆ ತನಕ ತೆಗೆದುಕೊಡಿ" ಅಂದೆ. ಬೇಡುವುದು ನನಗೆ ಬಾರದ ವಿದ್ಯೆ, ಆದರೂ ಬೇಡಿದೆ. "ಇದು ಹೋದ್ರೆ ಕೆಲಸ ಹೋಯ್ತು. ಕಳಿಸಿಬಿಡ್ತೀನಿ, ಆಮೇಲೆ ಮುಟ್ಟಲ್ಲ. ನಾನು ಇಲ್ಲಿಂದ್ಲೇ ಹೋಗ್ತೀನಿ, ನಿಮಗೆ ನನ್ನ ಕಾಟವೇ ಇರಲ್ಲ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಣ್ಣ ಹೇಳಿದ:

"ನಾವು ಯೋಚನೆ ಮಾಡ್ತೀವಿ."

ಆ ಮನೆಯಲ್ಲಿ 'ನಾವು' ಎಂಬ ಮಾತು ಕೇಳಿ ಎಷ್ಟು ಕಾಲವಾಗಿತ್ತೋ. ಆ 'ನಾವು' ಎಂಬುದರೊಳಗೆ ನಾನಿರಲಿಲ್ಲ. ತಮ್ಮ ಚಪ್ಪಲಿ ಮೆಟ್ಟಿ, "ಬಾ, ಅಂಗಡಿಗೆ ಬಿಡ್ತೀನಿ" ಅಂದ. ಇಬ್ಬರೂ ಮೆಟ್ಟಿಲಿಳಿದು, ಕಲಿಯುವವರ ಫಲಕ ಹೊತ್ತ ಕಾರಿನಲ್ಲಿ ಮುಂದಿನ ಎರಡು ಸೀಟಿನಲ್ಲಿ ಕೂತು ಹೋದರು. ನಾನು ಕಿಟಕಿಯಿಂದ ನೋಡಿದೆ. ಅಣ್ಣ ಕೂತಿದ್ದು ಕಲಿಸುವವನ ಸೀಟಿನಲ್ಲಿ, ಎರಡನೇ ಬ್ರೇಕು ಇರುವ ಕಡೆ. ಇಬ್ಬರೂ ಸಂಜೆಗೆ ಮೊದಲು ಬರುವುದಿಲ್ಲ, ಒಬ್ಬ ಬಂದರೆ ಸಾಲದು. ಅತ್ತಿಗೆ ಪಾತ್ರೆ ತೊಳೆಯುತ್ತಿದ್ದರು, ಹಾಡಿಕೊಳ್ಳುತ್ತಿದ್ದರು.

ಅಳು ಬರಲಿಲ್ಲ. ಸಿಟ್ಟು ಬಂತು. ಸುಳ್ಳು ಹೇಳಿದ್ದಕ್ಕೆ ನನಗೆ ಆಗಲೂ ನಾಚಿಕೆಯಾಗಲಿಲ್ಲ, ಈಗಲೂ ಇಲ್ಲ. ಬೆಳಿಗ್ಗೆ ಇನ್ನೂ ಬೇಗ ಕೂರಬೇಕಿತ್ತು ಎಂಬುದೊಂದೇ.

ಮೇಡಂಗೆ ಫೋನು ಮಾಡಿದೆ. ಕಂಪ್ಯೂಟರ್ ಎಂಬ ಮಾತು ಬಾಯಿಗೆ ಬಂದದ್ದನ್ನು ನುಂಗಿ, ಒಂದು ಗಂಟೆ ಹೆಚ್ಚು ಸಿಗುತ್ತದೆಯೇ ಎಂದೆ. "ಆರಕ್ಕೆ" ಎಂದು ಇಟ್ಟಳು. ಹೆಡ್‌ಫೋನನ್ನು ಚೀಲಕ್ಕೆ ತುರುಕಿಕೊಂಡು, ಬಸ್ ನಿಲ್ದಾಣದ ಆಚೆ ಗಂಟೆ ಲೆಕ್ಕದಲ್ಲಿ ಕಂಪ್ಯೂಟರ್ ಕೊಡುವ ಅಂಗಡಿಗೆ ಓಡಿದೆ. ಅಲ್ಲಿಗೆ ಮೊದಲೇ ಯಾಕೆ ಹೋಗುತ್ತಿರಲಿಲ್ಲ ಎಂದರೆ, ಬಾಡಿಗೆ ಕೊಟ್ಟ ಮೇಲೆ ಕೈಯಲ್ಲಿ ಏನೂ ಉಳಿಯುವುದಿಲ್ಲ, ಸುತ್ತಲೂ ಗುಂಡು ಹಾರಿಸುವ ಆಟದವರ ಗಲಾಟೆ. ಇವತ್ತು ಲೆಕ್ಕ ಮಾಡುವ ದಿನವಲ್ಲ. ಪ್ರೋಗ್ರಾಂ ಇಳಿಸಿಕೊಂಡು, ಅದೇ ಸಭೆಯನ್ನು ಮತ್ತೆ ಮೊದಲ ಸಾಲಿನಿಂದ ಶುರುಮಾಡಿದೆ. ಬೆಳಿಗ್ಗೆ ಒಮ್ಮೆ ಬರೆದದ್ದು ತಲೆಯಲ್ಲಿತ್ತು, ಬೇಗ ಬೇಗ ಹೋಯಿತು. ಪಕ್ಕದವನು ಸತ್ತೆ ಸತ್ತೆ ಎಂದು ಕೂಗಿದಾಗ ನನ್ನ ಸಭೆಯವರ ದನಿ ಮುಳುಗುತ್ತಿತ್ತು, ಹಿಂದೆ ಹೋಗಿ ಕೇಳುತ್ತಿದ್ದೆ. ಹೇಗೆ ಒತ್ತಿದರೂ ಇಡೀ ದಿನದ ಕೆಲಸ ಒಂದು ಮಧ್ಯಾಹ್ನದಲ್ಲಿ ಹಿಡಿಸುವುದಿಲ್ಲ. ಆರು ಗಂಟೆಗೆ ಅರ್ಧ ದಾಟಿತ್ತು. ಅಷ್ಟನ್ನೇ ಕಳಿಸಿದೆ.

ಉತ್ತರ ಬೇಗ ಬಂತು. ಅರ್ಧ ಬಂದಿದೆ, ಇದುವರೆಗಿನ ಕೆಲಸಕ್ಕೆ ಧನ್ಯವಾದ, ಉಳಿದದ್ದನ್ನು ಬೇರೆಯವರಿಗೆ ಕೊಟ್ಟಿದ್ದೇನೆ, ಇನ್ನು ಮುಂದೆ ಫೈಲು ಬರುವುದಿಲ್ಲ.

ನಾನು ಅದನ್ನು ಓದಿಕೊಂಡೆ. ಆಮೇಲೆ ಹೆಡ್‌ಫೋನ್ ಏರಿಸಿಕೊಂಡು ಮುಂದಿನ ಸಾಲು ಟೈಪು ಮಾಡಿದೆ. ಅದು ಯಾರಿಗೂ ಬೇಕಾಗಿರಲಿಲ್ಲ. ಎದ್ದರೆ ಮನೆಗೆ ಹೋಗಬೇಕಿತ್ತು, ಅದಕ್ಕೆ.

ಅಂಗಡಿಯವನು ಗಂಟೆ ಮುಗಿಯಿತು ಎನ್ನಲು ಬಂದ. ತಲೆ ನರೆತ, ಸೌಮ್ಯ ಮನುಷ್ಯ. ನಾನು ಟೈಪು ಮಾಡುವುದನ್ನು ನಿಂತು ನೋಡಿ ಕೇಳಿದ:

"ಇಷ್ಟು ಚೆನ್ನಾಗಿ ಮಾಡ್ತೀರ, ಈ ಗಲಾಟೆಯಲ್ಲಿ ಯಾಕೆ ಕಷ್ಟ ಪಡ್ತೀರಮ್ಮ. ಮನೇಲಿ ಕಂಪ್ಯೂಟರ್ ಇಲ್ವಾ?"

"ಇದೆ" ಅಂದೆ. "ನಾನೇ ರಿಪೇರಿ ಮಾಡಿದ್ದು. ಈಗ ತುಂಬಾ ಚೆನ್ನಾಗಿ ಓಡ್ತಿದೆ."